ಸ್ಟೆಂಟ್ ಹಾಕಿದ್ಮೇಲೆ ಹಲ್ಲು ಕೀಳಿಸ್ಲಿಕ್ಕೆ ಮಾತ್ರೆ ನಿಲ್ಲಿಸ್ಬೇಕಾ?
ಹಾರ್ಟ್ ಅಟ್ಯಾಕ್ ಆಗಿ ಎಂಟು ತಿಂಗಳ ಹಿಂದೆ ಸ್ಟೆಂಟ್ (ಹಾರ್ಟಿನ ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿದ ಅಪ್ಪ, ಹಲ್ಲು ಕೀಳಿಸ್ಲಿಕ್ಕೆ ಅಂತ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ಎರಡೂ ಬಿಡ್ತೇನೆ ಅಂತಾರೆ, ಎಂತ ಮಾಡುದು ಅಂತ ಕೇಳಿದ್ರಲ್ಲ, ದಯವಿಟ್ಟು ಒಪ್ಬೇಡಿ ಮಾರಾಯ್ರೆ, ಹಾರ್ಟ್ ಡಾಕ್ಟ್ರನ್ನು ಕೇಳದೆ ಒಂದು ದಿನವೂ ತಪ್ಪಿಸುದು ಬೇಡ. ಸಾಮಾನ್ಯವಾಗಿ 12 ತಿಂಗಳು ಎರಡೂ ಜೊತೆಗೆ ಬೇಕು, ನಡುವಲ್ಲಿ ನಿಲ್ಸಿದ್ರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಪುನಃ ಅಟ್ಯಾಕ್ ಆಗ್ಬಹುದು. ಆಮೇಲೂ ಆಸ್ಪಿರಿನ್, ಕೊಲೆಸ್ಟ್ರಾಲಿನ ಅಟೋರ್ವಾಸ್ಟಾಟಿನ್ ಹೆಚ್ಚಿನವ್ರಿಗೆ ಜೀವನಪೂರ್ತಿ ಉಂಟು. ಒಂದು ಹಲ್ಲಾದ್ರೆ ಮಾತ್ರೆ ತಗೊಳ್ತಾ ಇರುವಾಗ್ಲೇ ತೆಗೀತಾರೆ, ರಕ್ತ ನಿಲ್ಲಿಕ್ಕೆ ಸ್ವಲ್ಪ ಹೊತ್ತು ಜಾಸ್ತಿ ಬೇಕು ಅಷ್ಟೇ. ನಮ್ಮಮ್ಮಂದು ಉಡುಪಿಯಲ್ಲಿ ಹಾಗೇ ತೆಗ್ದದ್ದು, ಒಂದು ಹೊಲಿಗೆ ಹಾಕಿದ್ರು, ಅರ್ಧ ಗಂಟೆ ಬಟ್ಟೆ ಕಚ್ಚಿ ಕೂತಿದ್ರು, ರಾತ್ರಿ ತಣ್ಣಗಿನ ಗಂಜಿ ಉಂಡ್ರು. ಮಾತ್ರೆಯ ಖರ್ಚು ಭಾರ ಆಗ್ತದೆ ಅಂತಾದ್ರೆ ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ, ತುಂಬಾ ಕಡಿಮೆಗೆ ಸಿಗ್ತದೆ.