ಮೊದಲ ಅಣುವಿದ್ಯುತ್ ಸ್ಥಾವರ: ರಿಯಾಕ್ಟರ್ ಕೊಳ್ಳುವುದಕ್ಕೆ ಮೊದಲು ಬೇಕಾದದ್ದು

"ಒಂದು ದೇಶ ತನ್ನ ಮೊಟ್ಟಮೊದಲ ಅಣುವಿದ್ಯುತ್ ಸ್ಥಾವರ ಕಟ್ಟಲು ಹೊರಟರೆ ಎಲ್ಲಿಂದ ಆರಂಭಿಸಬೇಕು? ಹಣವಿದ್ದರೆ ಹೊರದೇಶದಿಂದ ರಿಯಾಕ್ಟರ್ ತರಿಸಿ ಕೂರಿಸಿದರೆ ಸಾಲದೇ? ನಮ್ಮಲ್ಲಿ ಹೇಗೆ ಮಾಡಿದರು?" ಎಂದು ಕೇಳಿದ್ದೀರಿ.

ನಾನು ಅಣುವಿಜ್ಞಾನಿಯಲ್ಲ. ವಿದ್ಯುತ್ ಪ್ರಸರಣದಲ್ಲಿ ದುಡಿದು ನಿವೃತ್ತನಾದ ಎಂಜಿನಿಯರ್. ಕೈಗಾ ಅಣುಸ್ಥಾವರದ ಘಟಕಗಳು ಉತ್ಪಾದನೆ ಆರಂಭಿಸಿದ ಕಾಲದಲ್ಲಿ ವಿದ್ಯುತ್ ಜಾಲದ (ಗ್ರಿಡ್) ನಿಯಂತ್ರಣ ಕೊಠಡಿಯಲ್ಲಿ ಪಾಳಿ ಮಾಡಿದವನು. ಹಾಗಾಗಿ ಈ ಪ್ರಶ್ನೆಯನ್ನು ತಂತಿಯ ಈ ತುದಿಯಿಂದ ನೋಡುವುದು ನನಗೆ ಅಭ್ಯಾಸ. ನನ್ನ ಉತ್ತರ ಇಷ್ಟು: ರಿಯಾಕ್ಟರ್ ತರಿಸಬಹುದು, ಭಾರತವೂ ಮೊದಲನೆಯದನ್ನು ತರಿಸಿಯೇ ಕಟ್ಟಿತು. ಆದರೆ ಅದನ್ನು ನಡೆಸುವ ಜನ, ಅದನ್ನು ತಾಳಿಕೊಳ್ಳುವ ವಿದ್ಯುತ್ ಜಾಲ, ಹತ್ತಾರು ವರ್ಷ ನಿಲ್ಲದೆ ಸಿಗುವ ಇಂಧನ, ಈ ಮೂರನ್ನೂ ರಿಯಾಕ್ಟರ್ ಜೊತೆಗೆ ಯಾರೂ ಕಟ್ಟಿಕೊಡುವುದಿಲ್ಲ. ಮೊದಲ ಎರಡನ್ನು ನಾವು ಮುಂಚೆಯೇ ಯೋಚಿಸಿದ್ದೆವು. ಮೂರನೆಯದು ನಮ್ಮನ್ನು ಬಹಳ ಕಾಡಿತು.

ಜನರ ವಿಷಯ ಮೊದಲು ಹೇಳುತ್ತೇನೆ, ಏಕೆಂದರೆ ನನಗೆ ಅತಿ ಹೆಚ್ಚು ಹೆಮ್ಮೆ ಇರುವುದು ಅಲ್ಲಿ. ನಮ್ಮ ಮೊದಲ ಅಣುವಿದ್ಯುತ್ ಸ್ಥಾವರವಾದ ತಾರಾಪುರದ ಗುತ್ತಿಗೆಗೆ ಸಹಿ ಬಿದ್ದದ್ದು 1964ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ, 1954ರಲ್ಲಿ, ಪರಮಾಣು ಶಕ್ತಿ ಇಲಾಖೆ ಹುಟ್ಟಿತ್ತು. 1956ರ ಆಗಸ್ಟ್‌ನಲ್ಲಿ ಮುಂಬೈಯ ಟ್ರಾಂಬೆಯ 'ಅಪ್ಸರಾ' ಸಂಶೋಧನಾ ರಿಯಾಕ್ಟರ್ ಕೆಲಸ ಆರಂಭಿಸಿತು. ಇಂಧನ ಬ್ರಿಟನ್ನಿನದು, ರಿಯಾಕ್ಟರ್ ಕಟ್ಟಿದವರು ನಮ್ಮವರು. ಮರುವರ್ಷವೇ ನಮ್ಮ ಅಣುಶಕ್ತಿ ಕಾರ್ಯಕ್ರಮದ ರೂವಾರಿ ಹೋಮಿ ಭಾಭಾ ಟ್ರಾಂಬೆಯಲ್ಲಿ ತರಬೇತಿ ಶಾಲೆ ತೆರೆದರು. ಪದವಿ ಮುಗಿಸಿ ಬಂದ ಯುವಕ ಯುವತಿಯರಿಗೆ ವರ್ಷಕಾಲ ಪಾಠ ಹೇಳಿ ಕೆಲಸಕ್ಕೆ ತೆಗೆದುಕೊಳ್ಳುವ ವ್ಯವಸ್ಥೆ ಅದು. ವಿದ್ಯುತ್ ಸ್ಥಾವರ ಇನ್ನೂ ಕಾಗದದ ಮೇಲೂ ಮೂಡಿರಲಿಲ್ಲ, ಅದನ್ನು ನಡೆಸುವವರು ಆಗಲೇ ತಯಾರಾಗುತ್ತಿದ್ದರು.

1959ರಲ್ಲಿ ಮೊದಲ ಅಣುವಿದ್ಯುತ್ ಯೋಜನೆಯ ಪ್ರಧಾನ ಎಂಜಿನಿಯರ್ ಆಗಿ ನೇಮಕವಾದವರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ಎಂಜಿನಿಯರಿಂಗ್ ಕಾಲೇಜಿನಲ್ಲೇ ಓದಿದ ಎಂ.ಆರ್. ಶ್ರೀನಿವಾಸನ್. ಆಗ ಅವರಿಗೆ 29 ವರ್ಷ. ಅಪ್ಸರಾ ಕಟ್ಟಿದ ತಂಡದಲ್ಲೂ ಇದ್ದವರು. ಆ ವಯಸ್ಸಿನವರ ಕೈಗೆ ಅಂಥ ಹೊಣೆ ಕೊಡುವ ಧೈರ್ಯ ಇಂದಿನ ನಮ್ಮ ಕಚೇರಿಗಳಲ್ಲಿ ಎಷ್ಟಿದೆ ಎಂದು ನಾನು ಆಗಾಗ ಯೋಚಿಸುತ್ತೇನೆ. ಮುಂದೆ ಅವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. 2025ರ ಮೇ ತಿಂಗಳಲ್ಲಿ ಊಟಿಯಲ್ಲಿ ತೀರಿಕೊಂಡಾಗ ನಮ್ಮ ಪತ್ರಿಕೆಗಳು ಇನ್ನೂ ದೊಡ್ಡದಾಗಿ ಬರೆಯಬೇಕಿತ್ತು ಎನ್ನಿಸಿತು.

ಸ್ಥಳದ ಆಯ್ಕೆಗೆ ಕಾರಣ ಸರಳ. ನಮ್ಮ ಕಲ್ಲಿದ್ದಲು ಗಣಿಗಳು ಹೆಚ್ಚಾಗಿ ಇರುವುದು ಪೂರ್ವದಲ್ಲಿ ಮತ್ತು ಮಧ್ಯಭಾರತದಲ್ಲಿ. ಮುಂಬೈ ಮತ್ತು ಅಹಮದಾಬಾದಿನ ಗಿರಣಿಗಳಿಗೆ ಬೇಕಾದ ವಿದ್ಯುತ್ತಿಗಾಗಿ ಕಲ್ಲಿದ್ದಲನ್ನು ರೈಲಿನಲ್ಲಿ ದೂರದಿಂದ ಹೊತ್ತು ತರಬೇಕಿತ್ತು. ಗಣಿಯಿಂದ ದೂರವಿರುವ ಕಡೆ ಅಣುವಿದ್ಯುತ್ ಬೆಲೆಯಲ್ಲಿ ಪೈಪೋಟಿ ಕೊಡಬಲ್ಲದು ಎಂಬುದು ಭಾಭಾ ಅವರ ವಾದ. ತಾರಾಪುರ ಮುಂಬೈಯಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ದಂಡೆಯಲ್ಲಿದೆ. ತಂಪು ಮಾಡಲು ಸಮುದ್ರದ ನೀರು, ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ಗುಜರಾತ್. ವಿದ್ಯುತ್ತನ್ನು ಎರಡೂ ರಾಜ್ಯಗಳು ಹಂಚಿಕೊಳ್ಳಬೇಕೆಂಬುದು ಲೆಕ್ಕ.

1960ರಲ್ಲಿ ಜಾಗತಿಕ ಟೆಂಡರ್ ಕರೆದರು. ಭಾಭಾ ಅವರ ದೂರದ ಯೋಜನೆ ಸಹಜ ಯುರೇನಿಯಂ ಮತ್ತು ಭಾರಜಲದ (ಭಾರವಾದ ಹೈಡ್ರೋಜನ್ ಇರುವ ನೀರು) ರಿಯಾಕ್ಟರುಗಳಿಂದ ಹೊರಟು ಥೋರಿಯಂ ಎಂಬ ಇನ್ನೊಂದು ಇಂಧನವನ್ನು ತಲುಪುವುದು. ಆದರೂ ಟೆಂಡರಿನಲ್ಲಿ ಇಂಥದ್ದೇ ತಂತ್ರಜ್ಞಾನ ಬೇಕೆಂದು ಕಟ್ಟುಹಾಕಲಿಲ್ಲ. ಕಡಿಮೆ ಬೆಲೆಗೆ ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕುದಿಯುವ ನೀರಿನ ರಿಯಾಕ್ಟರ್, ತಲಾ 210 ಮೆಗಾವಾಟಿನ ಎರಡು ಘಟಕಗಳು. 1963ರಲ್ಲಿ ಅಮೆರಿಕದ ಜೊತೆ 30 ವರ್ಷದ ಸಹಕಾರ ಒಪ್ಪಂದವಾಯಿತು. 8 ಕೋಟಿ ಡಾಲರ್ ಸಾಲ, ಶೇ 0.75 ಬಡ್ಡಿ, ತೀರಿಸಲು 40 ವರ್ಷ. ಅಷ್ಟು ಅಗ್ಗದ ಸಾಲ ಬಿಟ್ಟುಬಿಡುವ ಸ್ಥಿತಿಯಲ್ಲಿ ಆಗಿನ ಭಾರತ ಇರಲಿಲ್ಲ. 1964ರ ಕೊನೆಗೆ ಕಾಮಗಾರಿ ಶುರುವಾಗಿ, 1969ರ ಅಕ್ಟೋಬರ್‌ನಲ್ಲಿ ಎರಡೂ ಘಟಕಗಳು ವಾಣಿಜ್ಯ ಉತ್ಪಾದನೆಗೆ ಬಂದವು. ಅದನ್ನು ನೋಡಲು ಭಾಭಾ ಇರಲಿಲ್ಲ. 1966ರ ಜನವರಿಯಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು.

ಈಗ ಜಾಲದ ವಿಷಯಕ್ಕೆ ಬರುತ್ತೇನೆ. ಹೊರಗಿನವರು ಇದನ್ನು ಕೇಳುವುದೇ ಕಡಿಮೆ. ಒಂದೇ ಘಟಕದ ಸಾಮರ್ಥ್ಯ ಇಡೀ ಜಾಲದ ಸುಮಾರು ಶೇ 10ನ್ನು ಮೀರಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ಏಕೆ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಕ್ಷಿಣದ ಜಾಲ ರಾಷ್ಟ್ರೀಯ ಜಾಲಕ್ಕೆ ಸೇರಿದ್ದು 2013ರ ಕೊನೆಯ ದಿನ. ಅದಕ್ಕೆ ಮೊದಲು ನಮ್ಮದು ಬೇರೆಯೇ ದ್ವೀಪ. ಕೈಗಾದ 220 ಮೆಗಾವಾಟಿನ ಒಂದು ಘಟಕ ಟ್ರಿಪ್ ಆಗಿ ತಟ್ಟನೆ ನಿಂತಿತೆಂದರೆ ಗೋಡೆಯ ಮೇಲಿನ ಕೆಂಪು ಅಂಕಿ, ಅಂದರೆ ಪೂರೈಕೆ ಬೇಡಿಕೆಗಿಂತ ಕಡಿಮೆಯಾದರೆ ಇಳಿಯುವ ಫ್ರೀಕ್ವೆನ್ಸಿ, ಕಣ್ಣೆದುರೇ ಕೆಳಗಿಳಿಯುತ್ತಿತ್ತು. 50 ಹರ್ಟ್ಸ್‌ನಲ್ಲಿ ಇರಬೇಕಾದದ್ದು ಮೊದಲೇ 49ರ ಆಸುಪಾಸಿನಲ್ಲಿ ಏದುತ್ತಿದ್ದ ದಿನಗಳು ಅವು. ಒಬ್ಬರು ಫೋನ್ ಎತ್ತಿ ಶರಾವತಿಗೆ, ಇನ್ನೊಬ್ಬರು ನಾಗಝರಿಗೆ "ಲೋಡ್ ಏರಿಸಿ" ಎನ್ನುವರು. ಜಲವಿದ್ಯುತ್ತಿನ ಯಂತ್ರಗಳು ಒಂದೆರಡು ನಿಮಿಷದಲ್ಲಿ ಏರುತ್ತವೆ. ಅಷ್ಟರೊಳಗೆ ಸಾಲದಿದ್ದರೆ ಯಾವುದೋ ಊರಿನ ಫೀಡರ್ ತೆಗೆದು ಅಲ್ಲಿಯ ವಿದ್ಯುತ್ ಕಡಿಯಲೇಬೇಕು. ಕೈಹಿಡಿಯಲು ಶರಾವತಿಯಂಥದ್ದು ಇಲ್ಲದ ಚಿಕ್ಕ ಜಾಲದಲ್ಲಿ 1,000 ಮೆಗಾವಾಟಿನ ಘಟಕ ಒಮ್ಮೆಲೇ ನಿಂತರೆ ದೇಶವೇ ಕತ್ತಲಾಗಬಹುದು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಅಣುಸ್ಥಾವರಕ್ಕೆ ಹೊರಗಿನಿಂದಲೂ ವಿದ್ಯುತ್ ಬರಬೇಕು. ಕಲ್ಲಿದ್ದಲಿನ ಬಾಯ್ಲರ್‌ನಲ್ಲಿ ಬೆಂಕಿ ನಂದಿಸಿದರೆ ಮುಗಿಯಿತು. ರಿಯಾಕ್ಟರಿನಲ್ಲಿ ಸರಪಳಿ ಕ್ರಿಯೆ ನಿಂತ ಗಳಿಗೆಯಲ್ಲೂ ಪೂರ್ಣ ಶಾಖದ ಶೇ 6ರಿಂದ 7ರಷ್ಟು ಉಳಿದಿರುತ್ತದೆ, ನಿಧಾನವಾಗಿ ಇಳಿಯುತ್ತದೆ. ಅದನ್ನು ಹೊರಹಾಕುವ ಪಂಪುಗಳು ನಿಲ್ಲುವಂತಿಲ್ಲ. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಭೂಕಂಪಕ್ಕೆ ಹೊರಗಿನ ತಂತಿ ಹೋಯಿತು, ಸುನಾಮಿಗೆ ಡೀಸೆಲ್ ಜನರೇಟರುಗಳು ಹೋದವು. ಆಮೇಲಿನದು ಎಲ್ಲರಿಗೂ ಗೊತ್ತು. ಆದ್ದರಿಂದ ಮೊದಲ ಸ್ಥಾವರದ ಯೋಜನೆಯಲ್ಲಿ ಪ್ರಸರಣ ಮಾರ್ಗವನ್ನು ಕೊನೆಗೆ ನೋಡೋಣ ಎನ್ನುವ ದೇಶಕ್ಕೆ ಆ ಕೆಲಸಕ್ಕೆ ಕೈಹಾಕಬೇಡಿ ಎಂದು ನಾನು ಎರಡನೇ ಯೋಚನೆಯಿಲ್ಲದೆ ಹೇಳುತ್ತೇನೆ.

ಇಂಧನದ ಕಥೆ ಬೇರೆ. ತಾರಾಪುರಕ್ಕೆ ಸಂವರ್ಧಿತ ಯುರೇನಿಯಂ, ಅಂದರೆ ಸೀಳಬಲ್ಲ ಅಂಶವನ್ನು ಹೆಚ್ಚಿಸಿದ ಯುರೇನಿಯಂ, ಬೇಕು. 1963ರ ಒಪ್ಪಂದದಂತೆ ಅದನ್ನು ಅಮೆರಿಕದಿಂದಲೇ ತರಬೇಕು, ಅಮೆರಿಕವೂ ಕೊಡುತ್ತಲೇ ಇರಬೇಕು. ಬರಹದಲ್ಲಿ ಗಟ್ಟಿಯಾಗಿತ್ತು. 1974ರಲ್ಲಿ ಭಾರತದ ಪೋಖ್ರಾನ್ ಅಣುಸ್ಫೋಟ ಪರೀಕ್ಷೆಯಾಯಿತು. 1978ರಲ್ಲಿ ಅಮೆರಿಕ ಹೊಸ ಕಾನೂನು ಮಾಡಿ, ಎಲ್ಲ ಅಣುಕೇಂದ್ರಗಳನ್ನೂ ಅಂತರರಾಷ್ಟ್ರೀಯ ತಪಾಸಣೆಗೆ ತೆರೆಯದ ದೇಶಗಳಿಗೆ ಇಂಧನ ಕೊಡುವುದನ್ನು ನಿರ್ಬಂಧಿಸಿತು. ವರ್ಷಗಟ್ಟಲೆ ಜಗ್ಗಾಟ. 1982ರಲ್ಲಿ ಅಮೆರಿಕದ ಬದಲು ಫ್ರಾನ್ಸ್ ಕೊಡುವುದೆಂದು ತೀರ್ಮಾನವಾಯಿತು. ಮುಂದೆ ಚೀನಾ, ರಷ್ಯಾಗಳಿಂದಲೂ ತಂದೆವು. ಯಂತ್ರಗಳೂ ಸುಮ್ಮನಿರಲಿಲ್ಲ: ಉಗಿ ತಯಾರಿಸುವ ಸ್ಟೀಮ್ ಜನರೇಟರುಗಳ ಕೊಳವೆಗಳು ಸೋರಿದ್ದರಿಂದ ಅವುಗಳನ್ನು ಬೇರ್ಪಡಿಸಿ, ಪ್ರತಿ ಘಟಕವನ್ನು 160 ಮೆಗಾವಾಟಿಗೆ ಇಳಿಸಬೇಕಾಯಿತು. ಇದನ್ನೆಲ್ಲ ಸಂಭಾಳಿಸಿದವರು ಟ್ರಾಂಬೆ ಶಾಲೆಯಿಂದ ಬಂದಂಥ ನಮ್ಮ ಎಂಜಿನಿಯರುಗಳೇ. ಅವರಿಲ್ಲದಿದ್ದರೆ ಮಾರಿದವರು ದೂರವಾದ ದಿನವೇ ಸ್ಥಾವರಕ್ಕೆ ಬೀಗ ಬೀಳುತ್ತಿತ್ತು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಭಾರಜಲದ ರಿಯಾಕ್ಟರುಗಳನ್ನು ಕಟ್ಟಲು ನೆರವಾಗುತ್ತಿದ್ದ ಕೆನಡಾ ಪೋಖ್ರಾನ್ ನಂತರ ಕೈಬಿಟ್ಟಾಗ ಎರಡನೇ ಘಟಕವನ್ನು ನಾವೇ ಮುಗಿಸಿದೆವು. ಕಲ್ಪಾಕ್ಕಂ, ಕೈಗಾ ಎಲ್ಲವೂ ಆ ಭಾರಜಲದ ಸಾಲಿನವು.

ಬೇರೆ ದೇಶಗಳನ್ನೂ ನೋಡಿ. ಫಿಲಿಪೀನ್ಸಿನವರು 1976ರಲ್ಲಿ ಬಟಾನ್‌ನಲ್ಲಿ 621 ಮೆಗಾವಾಟಿನ ಸ್ಥಾವರ ಕಟ್ಟಲು ಹೊರಟರು. ಕಟ್ಟಿ ಮುಗಿಸಿದರೂ ಒಂದು ಯೂನಿಟ್ ವಿದ್ಯುತ್ ಬರಲಿಲ್ಲ. 1986ರಲ್ಲಿ ಮಾರ್ಕೋಸ್ ಸರ್ಕಾರ ಬಿತ್ತು, ಅದೇ ವರ್ಷ ಚೆರ್ನೋಬಿಲ್ ಆಯಿತು, ಹೊಸ ಸರ್ಕಾರ ಅದನ್ನು ಮುಚ್ಚಿಟ್ಟಿತು. ಸಾಲ ಮಾತ್ರ 2007ರವರೆಗೆ ತೀರಿಸಿದರು. ಸಂಯುಕ್ತ ಅರಬ್ ಸಂಸ್ಥಾನ ಇದಕ್ಕೆ ವಿರುದ್ಧ. 2009ರಲ್ಲಿ ಸ್ವತಂತ್ರ ನಿಯಂತ್ರಣ ಪ್ರಾಧಿಕಾರ ಸ್ಥಾಪಿಸಿ, ಅದೇ ವರ್ಷದ ಕೊನೆಗೆ ಬರಾಕಾದ ನಾಲ್ಕು ರಿಯಾಕ್ಟರುಗಳ ಗುತ್ತಿಗೆಯನ್ನು ಕೊರಿಯಾದವರಿಗೆ ಕೊಟ್ಟಿತು. ಮೊದಲ ಘಟಕದ ಕಟ್ಟಡ 2018ಕ್ಕೇ ಸಿದ್ಧ. ನಡೆಸುವವರ ತಯಾರಿ ಸಾಲದೆಂದು ಪರವಾನಗಿ ತಡೆದರು, ಇಂಧನ ತುಂಬಿದ್ದು 2020ರಲ್ಲಿ. ಅಷ್ಟು ದುಬಾರಿ ಕಟ್ಟಡವನ್ನು ಸುಮ್ಮನೆ ಕಾಯಿಸುವುದಕ್ಕೆ ಗಟ್ಟಿ ಮನಸ್ಸು ಬೇಕು. ಆ ನಿರ್ಧಾರ ನನಗೆ ತುಂಬ ಮೆಚ್ಚುಗೆಯಾಯಿತು.

ಎಷ್ಟು ವರ್ಷ ಹಿಡಿಯುತ್ತದೆ ಎಂದೂ ನೀವು ಕೇಳಬಹುದು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮೊದಲ ಯೋಚನೆಯಿಂದ ವಿದ್ಯುತ್ ಬರುವವರೆಗೆ 10ರಿಂದ 15 ವರ್ಷ ಹಿಡಿದುಕೊಳ್ಳಿ ಎನ್ನುತ್ತದೆ. ತಾರಾಪುರಕ್ಕೂ ಶ್ರೀನಿವಾಸನ್ ಅವರ ನೇಮಕದಿಂದ ಲೆಕ್ಕ ಹಿಡಿದರೆ ಹತ್ತು ವರ್ಷವೇ ಆಯಿತು.

ಕೊನೆಯದಾಗಿ, ಗುತ್ತಿಗೆಗೆ ಸಹಿ ಹಾಕುವ ಮುನ್ನ ಉರಿದು ಮುಗಿದ ಇಂಧನ ಯಾರದು ಎಂಬುದನ್ನು ಬರೆಸಿಕೊಳ್ಳಬೇಕು. ತಾರಾಪುರದ ಅಮೆರಿಕನ್ ಇಂಧನವನ್ನು ಅವರು ವಾಪಸ್ ತೆಗೆದುಕೊಂಡು ಹೋಗಲಿಲ್ಲ, ಅದರಲ್ಲಿ ಉಳಿದ ಉಪಯುಕ್ತ ಅಂಶವನ್ನು ಬೇರ್ಪಡಿಸಿ ಮರುಸಂಸ್ಕರಿಸಲು ನಮಗೆ ಒಪ್ಪಿಗೆಯನ್ನೂ ಕೊಡಲಿಲ್ಲ. ಅದು ದಶಕಗಳ ಕಾಲ ಸ್ಥಾವರದ ಅಂಗಳದಲ್ಲೇ ಕೂಡುತ್ತ ಹೋಯಿತು, ಇಡುವುದಕ್ಕೆ ಜಾಗ ಹೆಚ್ಚಿಸಿಕೊಳ್ಳುವ ಖರ್ಚು ನಮ್ಮ ಮೇಲೆ ಬಿತ್ತು. ರೂಪ್‌ಪುರದಲ್ಲಿ ತನ್ನ ಮೊದಲ ಸ್ಥಾವರ ಕಟ್ಟುತ್ತಿರುವ ಬಾಂಗ್ಲಾದೇಶ, ಮೊದಲ ಕಾಂಕ್ರೀಟ್ ಸುರಿಯುವ ಮುನ್ನವೇ, 2017ರ ಆಗಸ್ಟ್‌ನಲ್ಲಿ, ಉರಿದ ಇಂಧನವನ್ನು ರಷ್ಯಾ ವಾಪಸ್ ಒಯ್ಯಬೇಕೆಂಬ ಒಪ್ಪಂದ ಮಾಡಿಕೊಂಡಿತು.