ಮನೆ ಹಿಂದಿನ ಧರೆಗೆ ಕಲ್ಲಿನ ತಡೆಗೋಡೆ ಒಳ್ಳೆಯದೋ, ಕಾಂಕ್ರೀಟ್ ಗೋಡೆಯೋ?

ಐದು ವರ್ಷದ ಹಿಂದೆ ಮನೆ ಹಿಂದಿನ ಗುಡ್ಡದ ಬುಡ ಕಡಿಸಿದ್ದೀರಿ, ಈಗ ಆ ಧರೆಗೆ, ಅಂದರೆ ಕಡಿದ ಮೇಲೆ ನೇರ ನಿಂತ ಮಣ್ಣಿಗೆ, ಯಾವ ಗೋಡೆ, ಎಷ್ಟು ದಪ್ಪ ಅಂತ ಬರೆದು ಕೇಳಿದ್ದೀರಿ. ಒಂದು ಕಾಲದಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದೆ. ಕಲ್ಲೋ ಕಾಂಕ್ರೀಟೋ, ದಪ್ಪ ಎಷ್ಟಿರಬೇಕು, ಕಂಬಿ ಯಾವ ಅಳತೆಯದ್ದು. ಕೊನೆಗೆ ಕಾಂಕ್ರೀಟ್ ಗೋಡೆಯನ್ನೇ ಕಟ್ಟಿಸಿದೆ. ಗಟ್ಟಿಯಾಗಿಯೇ ಇತ್ತು. ಆದರೂ ಬಿತ್ತು.

ಮನೆಗೆ ಜಾಗ ಸಾಲದು ಅಂತ ಹಿಂದಿನ ಗುಡ್ಡವನ್ನು ಜೆಸಿಬಿ ತರಿಸಿ ಕಡಿಸಿದ್ದೆವು. ಇಳಿಜಾರಾಗಿದ್ದದ್ದು ನೇರ ಧರೆಯಾಯಿತು. ಅದರ ಬುಡಕ್ಕೆ 3 ಮೀಟರ್ ಎತ್ತರದ ಗೋಡೆ. ಮೇಸ್ತ್ರಿ ಒಳ್ಳೆಯವರು, ಗೋಡೆಯಲ್ಲಿ ಅಲ್ಲಲ್ಲಿ ಪೈಪಿನ ತುಂಡು ಇಟ್ಟು ನೀರು ಹೊರಬರಲು ಕಿಂಡಿ ಬಿಟ್ಟಿದ್ದರು. ವೀಪ್ ಹೋಲ್ ಅಂತಾರಲ್ಲ, ಅದೇ. ಮಳೆಗಾಲ ಹಿಡಿದ ಮೇಲೆ ಆ ಕಿಂಡಿಗಳಿಂದ ಹಗಲೂ ರಾತ್ರಿ ನೀರು. ಹಿತ್ತಲೆಲ್ಲ ಕೆಸರು, ಪಾಚಿ. ಮನೆಯವರೊಬ್ಬರು ಜಾರಿ ಬಿದ್ದು ಕೈ ನೋವು ಮಾಡಿಕೊಂಡರು. ಆಗ ನಾನು ಮಾಡಿದ ಘನಂದಾರಿ ಕೆಲಸ ಅಂದರೆ, ಸಿಮೆಂಟ್ ಕಲಸಿ ಒಂದೊಂದಾಗಿ ಕಿಂಡಿಗಳನ್ನೆಲ್ಲ ಮುಚ್ಚಿದ್ದು. ಹಿತ್ತಲು ಒಣಗಿತು. ಮನೆಯಲ್ಲಿ ಎಲ್ಲರೂ ಹೊಗಳಿದರು ಕೂಡ.

ಇದು ಯಾಕೆ ಅಷ್ಟು ದೊಡ್ಡ ತಪ್ಪು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ಗೋಡೆಯ ದಪ್ಪ ಕೇಳುತ್ತಿದ್ದೀರಿ, ನೀರಿನ ಸುದ್ದಿಯನ್ನೇ ಎತ್ತಿಲ್ಲ. ನಾನು ಮುಚ್ಚಿದ್ದು ಕಿಂಡಿಯನ್ನು, ನೀರನ್ನಲ್ಲ. ಅದು ಗುಡ್ಡದ ಒಳಗಿಂದ ಬರುತ್ತಲೇ ಇತ್ತು, ಹೋಗಲು ದಾರಿ ಇಲ್ಲದೆ ಗೋಡೆಯ ಹಿಂದೆ ನಿಂತಿತು. ಗೋಡೆಯ ಹಿಂದೆ 3 ಮೀಟರ್ ಎತ್ತರಕ್ಕೆ ನೀರು ನಿಂತರೆ, ಒಂದು ಮೀಟರ್ ಉದ್ದದ ಗೋಡೆಯ ಮೇಲೆ ನೀರೊಂದೇ ಸುಮಾರು 4.5 ಟನ್ ತಳ್ಳುತ್ತದೆ. ನನ್ನ ಗೋಡೆ ಹತ್ತು ಮೀಟರಿಗಿಂತ ಉದ್ದ ಇತ್ತು, ಲೆಕ್ಕ ನೀವೇ ಹಾಕಿ. ಮಣ್ಣಿನ ಒತ್ತಡ ಬೇರೆ. ನೀರು ಬಸಿದು ಹೋಗುವ ಗೋಡೆಗೂ ನೀರು ನಿಂತ ಗೋಡೆಗೂ ಹೋಲಿಸಿದರೆ, ಎರಡನೆಯದರ ಮೇಲೆ ಎರಡು ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಒತ್ತಡ ಬೀಳಬಹುದು. ಗೋಡೆ ಕಟ್ಟಿದವರು ಮೊದಲನೆಯದಕ್ಕೆ ಕಟ್ಟಿದ್ದರು. ನಾನು ಸಿಮೆಂಟ್ ಮೆತ್ತಿ ಅದನ್ನು ಎರಡನೆಯದು ಮಾಡಿದೆ.

ಇಷ್ಟೇ ಆಗಿದ್ದರೆ ಬರೀ ಗೋಡೆ ಬೀಳುತ್ತಿತ್ತು. ಗುಡ್ಡವೂ ಜರಿದದ್ದು ಯಾಕೆ? ಮಣ್ಣಿನ ಕಣಗಳು ಒಂದನ್ನೊಂದು ಒತ್ತಿಕೊಂಡು ನಿಂತಿರುತ್ತವೆ, ಧರೆ ನಿಲ್ಲುವುದಕ್ಕೆ ಆ ಹಿಡಿತ ಬೇಕೇ ಬೇಕು. ಕಣಗಳ ನಡುವೆ ನೀರು ತುಂಬಿ ಒತ್ತಡ ಏರಿದರೆ ಹಿಡಿತ ಸಡಿಲವಾಗುತ್ತದೆ. ಮಳೆಗೆ ಮಣ್ಣು ಭಾರವಾಗಿ ಜಾರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಭಾರವೂ ಸೇರುತ್ತದೆ, ಸರಿ. ಆದರೆ ಅಸಲಿ ಕಳ್ಳ ಒಳಗಿನ ಈ ನೀರಿನ ಒತ್ತಡ. ಅದರಲ್ಲೂ ಕರಾವಳಿ ಕಡೆ ಮುರಕಲ್ಲಿನ (ಜಂಬಿಟ್ಟಿಗೆಯ) ಕೆಳಗೆ ಸಿಗುವ ಶೇಡಿ ಅನ್ನುವ ಮೆತ್ತನೆಯ ಜೇಡಿ ಮಣ್ಣಿನಂಥದ್ದು ಇದ್ದರೆ ಇನ್ನೂ ಕಷ್ಟ. ಒಣಗಿದ್ದಾಗ ಗೋಡೆಯ ಹಾಗೆ ನೇರ ನಿಲ್ಲುತ್ತದೆ, ನೆನೆದರೆ ಶಕ್ತಿಯೇ ಇರುವುದಿಲ್ಲ.

ಮುಂದಿನ ಮಳೆಗಾಲದಲ್ಲಿ ಧರೆಯ ಮೇಲ್ಗಡೆ ಬಿಲ್ಲಿನಾಕಾರದ ಒಂದು ಬಿರುಕು ಕಂಡಿತು. ಹಿಂದಿನ ಕೋಣೆಯ ಬಾಗಿಲು ಹಾಕಲು ಬರುತ್ತಿರಲಿಲ್ಲ, ಮಳೆಗೆ ಮರ ಉಬ್ಬಿದೆ ಅಂದುಕೊಂಡೆವು. ಗೋಡೆ ಹೊಟ್ಟೆ ಬಿಟ್ಟಿದ್ದು ಕಂಡ ಮೇಲೆ ಹೆದರಿಕೆಯಾಗಿ ಎಲ್ಲರೂ ಬೇರೆ ಕಡೆ ಮಲಗಲು ಹೋದೆವು, ಅಷ್ಟು ಬುದ್ಧಿಯಾದರೂ ಬಂತು. ಜೋರು ಮಳೆಯಲ್ಲಿ ಏನೂ ಆಗಲಿಲ್ಲ. ಮಳೆ ಹೊಳವಾಗಿ, ಸದ್ಯ ಬಚಾವಾದೆವು ಅಂತ ಉಸಿರು ಬಿಟ್ಟ ಮೇಲೆ ಬಿತ್ತು. ನೀರು ಆಳಕ್ಕೆ ಇಳಿಯಲು ಸಮಯ ಬೇಕಲ್ಲ. ಹಿಂದಿನ ಎರಡು ಕೋಣೆ ಮಣ್ಣಿನಲ್ಲಿ ಮುಚ್ಚಿಹೋದವು. ಪರಿಹಾರದ ಅರ್ಜಿಯಲ್ಲಿ ಕಾರಣ ಪ್ರಕೃತಿ ವಿಕೋಪ ಅಂತ ಬರೆದುಕೊಂಡರು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ವೇಲ್ಸ್ ದೇಶದ ಅಬರ್‌ಫಾನ್‌ನಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯವನ್ನು ಗುಡ್ಡದ ಮೇಲೆ ರಾಶಿ ಹಾಕುತ್ತಿದ್ದರು, ಅದೂ ಒರತೆ ಇದ್ದ ಜಾಗದ ಮೇಲೆ. 1966ರ ಅಕ್ಟೋಬರ್ 21ರ ಬೆಳಿಗ್ಗೆ ಆ ರಾಶಿ ಜಾರಿ ಶಾಲೆಯ ಮೇಲೆ ಬಿತ್ತು. 144 ಜನ ಹೋದರು, ಅದರಲ್ಲಿ 116 ಮಕ್ಕಳು. ಓದುವಾಗ ಮೈ ಜುಮ್ಮೆಂದಿತು. ನೀರು ಹೊರಗೆ ಬರುವ ಜಾಗ ಕಣ್ಣಿಗೆ ಕಾಣುತ್ತಿತ್ತು, ಅದರ ಮೇಲೇ ಸುರಿದರು. ನಾನು ಮಾಡಿದ್ದೂ ಬೇರೆ ಏನಲ್ಲ. ಇನ್ನು 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಕಡಿದ ಗುಡ್ಡ ಕುಸಿದು ಗಂಗಾವಳಿ ನದಿವರೆಗೂ ಹೋದದ್ದನ್ನು ನೀವೂ ನೋಡಿದ್ದೀರಿ. ಅಲ್ಲಿಯೂ ಎಷ್ಟೋ ದಿನದಿಂದ ಮಳೆ ಹಿಡಿದಿತ್ತು.

ಅಜ್ಜನ ಕಾಲದಿಂದ ಈ ಗುಡ್ಡ ಜರಿದಿಲ್ಲ ಅಂತ ಬರೆದಿದ್ದೀರಿ. ಆ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಅಜ್ಜನ ಕಾಲದಲ್ಲಿ ಜರಿಯದೇ ಇದ್ದದ್ದು ಬುಡ ಇದ್ದ ಗುಡ್ಡ. ನೀವು ಐದು ವರ್ಷದ ಹಿಂದೆ ಬುಡ ಕಡಿಸಿದಿರಿ ಅಂತ ನೀವೇ ಹೇಳಿದ್ದೀರಲ್ಲ. ಈಗಿರುವುದು ಐದು ವರ್ಷದ ಧರೆ, ಅದಕ್ಕೆ ಅಜ್ಜನ ಸಾಕ್ಷಿ ನಡೆಯುವುದಿಲ್ಲ.

ನನ್ನ ಕೇಳಿದರೆ ಗೋಡೆಗೆ ಇಟ್ಟ ಹಣದಲ್ಲಿ ಮೊದಲು ನೀರಿಗೆ ದಾರಿ ಮಾಡಿ. ಧರೆಯ ತಲೆಯಿಂದ ಸ್ವಲ್ಪ ಹಿಂದೆ ಒಂದು ಕಣಿ ತೆಗೆಸಿ, ಅದಕ್ಕೆ ಸಿಮೆಂಟ್ ಹಾಕಿಸಿ, ಮೇಲಿನಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿ ಕೆಳಗಿನ ತೋಡಿನವರೆಗೂ ಒಯ್ಯಿರಿ. ಅರ್ಧಕ್ಕೆ ಬಿಟ್ಟರೆ ಇನ್ನೊಬ್ಬರ ಧರೆ ಜರಿಯುತ್ತದೆ. ಮೇಲ್ಗಡೆ ಇಂಗುಗುಂಡಿ ಬೇಡ. ಇದನ್ನು ಹೇಳಿದರೆ ಬೈಯುವವರಿದ್ದಾರೆ, ನೀರು ಇಂಗಿಸುವುದು ಪುಣ್ಯದ ಕೆಲಸ ಅಂತ. ಸಪಾಟು ಜಾಗದಲ್ಲಿ ಖಂಡಿತ ಇಂಗಿಸಿ. ಕಡಿದ ಧರೆಯ ತಲೆಯ ಮೇಲೆ ಇಂಗಿಸಿದರೆ ಅದೇ ನೀರು ಮನೆಯೊಳಗೆ ಬರುತ್ತದೆ, ಮಣ್ಣು ಸಮೇತ. ಶೌಚದ ಗುಂಡಿ, ಸೋರುವ ನೀರಿನ ಟ್ಯಾಂಕ್ ಇವೂ ಅಲ್ಲಿ ಬೇಡ.

ಸಾಧ್ಯವಿದ್ದರೆ ನೇರ ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸಿ. ಲಾವಂಚ ಹಾಕಿ ಅಂತ ಯಾರಾದರೂ ಹೇಳಬಹುದು. ಅದರ ಬೇರು ಆಳಕ್ಕೆ ಇಳಿಯುತ್ತದೆ, ಮೇಲ್ಮಣ್ಣು ಕೊಚ್ಚಿಹೋಗದಂತೆ ಚೆನ್ನಾಗಿ ಹಿಡಿಯುತ್ತದೆ. ಬೇರಿಗಿಂತ ಕೆಳಗೆ ಜಾರುವ ಗುಡ್ಡವನ್ನು ಹುಲ್ಲು ನಿಲ್ಲಿಸುವುದಿಲ್ಲ, ಅಷ್ಟೇ. ಮಳೆಯಲ್ಲಿ ಬಿರುಕು ಕಂಡರೆ, ಮರ ವಾಲಿದರೆ, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾದರೆ ಅಥವಾ ಒಮ್ಮೆಗೇ ನಿಂತುಹೋದರೆ ಮನೆ ಬಿಟ್ಟು ಹೊರಡಿ. ಬಿರುಕಿಗೆ ಮಣ್ಣು ತುಂಬುವ ಕೆಲಸ ಆಮೇಲೆ.

ಕಲ್ಲೋ ಕಾಂಕ್ರೀಟೋ ಅಂತ ಕೇಳಿದಿರಲ್ಲ. ಚಿಕ್ಕ ಧರೆಯಾದರೆ ತಂತಿ ಬಲೆಯಲ್ಲಿ ಕಲ್ಲು ತುಂಬಿ ಪೇರಿಸುವ ಗೇಬಿಯನ್ ಗೋಡೆ ನನಗೆ ಇಷ್ಟ, ನೀರು ಕಲ್ಲಿನ ಸಂದಿನಿಂದ ತಾನಾಗಿ ಬರುತ್ತದೆ, ನನ್ನಂಥವರು ಮುಚ್ಚಲೂ ಆಗುವುದಿಲ್ಲ. ಕಾಂಕ್ರೀಟೇ ಬೇಕು ಅಂದರೆ ಗೋಡೆಯ ಹಿಂದೆ ಕಡಿದ ಮಣ್ಣನ್ನೇ ವಾಪಸ್ ತುಂಬಬೇಡಿ, ಜಲ್ಲಿ ತುಂಬಿಸಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಿಸಿ. ಇಲ್ಲವಾದರೆ ಕಿಂಡಿ ಮಣ್ಣು ಕಟ್ಟಿ ತಾನೇ ಮುಚ್ಚುತ್ತದೆ. ಆಳೆತ್ತರಕ್ಕಿಂತ ಜಾಸ್ತಿ ಇದ್ದರೆ ಮೇಸ್ತ್ರಿಯ ಅಂದಾಜು ಸಾಲದು, ಮಣ್ಣು ಪರೀಕ್ಷೆ ಮಾಡುವ ಎಂಜಿನಿಯರನ್ನು ಕರೆಸಿ. ಬರುವವರನ್ನು ಮಳೆಗಾಲದಲ್ಲೇ ಕರೆಸಿ, ಬೇಸಿಗೆಯಲ್ಲಿ ಬಂದರೆ ಒರತೆ ಎಲ್ಲಿದೆ ಅಂತ ಅವರಿಗೂ ಕಾಣುವುದಿಲ್ಲ.