ಓದುಗರ ಪ್ರಶ್ನೆ: ಟ್ಯಾಂಕಿನ ನೀರು, ಒಲೆಯ ಬಿಸಿ

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿ. ಮಾಳಿಗೆ ಮೇಲಿನ ಸಾವಿರ ಲೀಟರ್ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಸಣ್ಣ ಡೈನಮೊ ಕೂಡಿಸಿದರೆ ಮನೆಯ ದೀಪಗಳಿಗೆಲ್ಲ ಪುಕ್ಕಟೆ ಕರೆಂಟ್ ಸಿಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದೆ. ಎರಡು ಸಾವಿರ ರೂಪಾಯಿ ಹಾಕಬಹುದೇ?
— ಓದುಗರೊಬ್ಬರು, ಗಂಗಾವತಿ

ಉತ್ತರ: ತಮ್ಮಾ, ದುಡ್ಡು ಕೊಡುವ ಮುಂಚೆ ಲೆಕ್ಕ ಹಾಕೋಣ. ಟ್ಯಾಂಕು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದೆ ಅಂತ ಇಟ್ಟುಕೋ. ಸಾವಿರ ಲೀಟರೂ ಖಾಲಿಯಾದರೆ ಸಿಗುವುದು ಸುಮಾರು 98,000 ಜೂಲ್ ಶಕ್ತಿ. ಒಂದು ಯೂನಿಟ್ ಕರೆಂಟ್ ಅಂದರೆ ಸಾವಿರ ವಾಟ್-ಅವರ್, ಅಂದರೆ 36 ಲಕ್ಷ ಜೂಲ್. ಅಂದರೆ ನಿನಗೆ ಬರುವುದು 27 ವಾಟ್-ಅವರ್; 9 ವಾಟಿನ ಒಂದು ಎಲ್‌ಇಡಿ ಬಲ್ಬು ಮೂರು ತಾಸು ಉರಿಯುವಷ್ಟು. ಅದೂ ಡೈನಮೊದಲ್ಲಿ ಏನೂ ಸೋರದಿದ್ದರೆ. ಮೇಲಾಗಿ ಆ ನೀರನ್ನು ಏರಿಸಲು ಮೋಟಾರು ಇದಕ್ಕಿಂತ ಹೆಚ್ಚೇ ತಿಂದಿರುತ್ತದೆ, ನಲ್ಲಿಯ ಬಿರುಸೂ ಕಡಿಮೆಯಾಗುತ್ತದೆ. ಬೇಡ.

ಆದರೆ ಹಾಳಾಗುವುದನ್ನು ಹಿಡಿಯಬೇಕೆಂಬ ನಿನ್ನ ಆಸೆ ದೊಡ್ಡದು, ಅದನ್ನು ಬಿಡಬೇಡ. ಹುಡುಕುವ ಜಾಗ ಮಾತ್ರ ಬೇರೆ. ಒಂದು ಬಕೆಟ್ ಸ್ನಾನದ ನೀರು, 15 ಲೀಟರ್, 25 ಡಿಗ್ರಿಯಿಂದ 45ಕ್ಕೆ ಏರಬೇಕಾದರೆ ಸುಮಾರು 350 ವಾಟ್-ಅವರ್ ಬೇಕು. ನಿನ್ನ ಟ್ಯಾಂಕು ಹದಿಮೂರು ಸಲ ಖಾಲಿಯಾದಷ್ಟು! ಮನೆಯಲ್ಲಿ ಹಾಳಾಗುವ ಶಕ್ತಿಯಲ್ಲಿ ದೊಡ್ಡ ಪಾಲು ಬಿಸಿ.

ಇದನ್ನು ನನಗೆ ಕಲಿಸಿದ್ದು ಸಿಂಧನೂರಿನ ರೈಸ್ ಮಿಲ್ಲಿನ ಬಾಯ್ಲರ್ ಮನೆ. ಅಲ್ಲಿ 26 ವರ್ಷ ದುಡಿದೆ. ನೂರು ಕಿಲೋ ಭತ್ತಕ್ಕೆ ಇಪ್ಪತ್ತು ಕಿಲೋದಷ್ಟು ಹೊಟ್ಟು ಬರುತ್ತದೆ, ಅದೇ ಉರುವಲು. ಮೊದಮೊದಲು ಚಿಮಣಿಯ ಹತ್ತಿರ ನಿಲ್ಲಲಾಗದಷ್ಟು ಝಳ ಆಕಾಶಕ್ಕೆ ಹೋಗುತ್ತಿತ್ತು, ಬಾಯ್ಲರಿಗೆ ಮಾತ್ರ ತಣ್ಣೀರು. ಹೊಟ್ಟನ್ನು ಆಗ ಕೇಳುವವರಿರಲಿಲ್ಲ. ಅದಕ್ಕೆ ಬೆಲೆ ಬಂದ ಮೇಲೆ ಮಾಲೀಕರು ಹೊಗೆಯ ದಾರಿಯಲ್ಲಿ ಎಕನಾಮೈಸರ್ ಕೂಡಿಸಿದರು; ಅಂದರೆ ಹೋಗುವ ಹೊಗೆಯ ಬಿಸಿಯಿಂದಲೇ ಬಾಯ್ಲರಿನ ನೀರು ಕಾಯಿಸುವ ಕೊಳವೆಗಳು. ಒಳಹೋಗುವ ನೀರು 6 ಡಿಗ್ರಿ ಹೆಚ್ಚು ಬಿಸಿಯಾದರೆ ಉರುವಲು ಸುಮಾರು ಶೇ. 1 ಉಳಿಯುತ್ತದೆ ಎಂಬುದು ಬಾಯ್ಲರ್ ಮಂದಿಯ ಲೆಕ್ಕ. ನಮ್ಮದು 50 ಡಿಗ್ರಿ ಏರಿತು. ನೂರು ಬುಟ್ಟಿ ಸುರಿಯುತ್ತಿದ್ದ ನನ್ನ ಕೈಗೆ ತೊಂಬತ್ತೆರಡೇ ಸಾಕಾದ ದಿನ ಇನ್ನೂ ನೆನಪಿದೆ.

ನಮ್ಮ ಅವ್ವನ ಮಣ್ಣಿನ ಒಲೆಯಲ್ಲೂ ಇದೇ ಇತ್ತು. ಮುಂದಿನ ಒಲೆಯಲ್ಲಿ ರೊಟ್ಟಿ, ಉಳಿದ ಉರಿ ಹಾಯುವ ಕೋಡೊಲೆಯ ಮೇಲೆ ನೀರಿನ ಗಡಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಶುರುವಾದ ಅಸ್ತ್ರ ಕೇಂದ್ರದವರು ಮೂರು ಪಾತ್ರೆ ಕೂಡುವ ಅಸ್ತ್ರ ಒಲೆ ಮಾಡಿದ್ದೂ ಇದೇ ಜಾಡಿನಲ್ಲಿ.

ಬಿಸಿಯಿಂದ ಕರೆಂಟ್ ತೆಗೆಯಲೂ ಹೋಗಬೇಡ. ರಾಯಚೂರು ಹತ್ತಿರದ ಶಕ್ತಿನಗರದ ಕಲ್ಲಿದ್ದಲು ಕರೆಂಟ್ ಕೇಂದ್ರದಲ್ಲಿ ಅಷ್ಟು ದೊಡ್ಡ ಯಂತ್ರಗಳಿದ್ದೂ ಕಲ್ಲಿದ್ದಲಿನ ಬಿಸಿಯ ಮೂರರಲ್ಲಿ ಎರಡು ಪಾಲಿನಷ್ಟು ಕೂಲಿಂಗ್ ಟವರು, ಚಿಮಣಿಗಳಿಂದ ಹೋಗಿಬಿಡುತ್ತದೆ. ಬಿಸಿಯನ್ನು ಬಿಸಿಯಾಗಿಯೇ ಬಳಸು. ಮನೆಯಲ್ಲಿ ಇನ್ನೂ ನೀರೊಲೆ ಇದ್ದರೆ ನಿನ್ನ ಎರಡು ಸಾವಿರ ಅದರ ಹೊಗೆಕೊಳವೆಗೆ ಹಾಕು. ಅಲ್ಲೊಂದು ಹಂಡೆ ಕೂಡಿಸಬಹುದು. ಹಂಡೆಯ ಬಾಯಿ ಬಿಗಿಯಾಗಿ ಮುಚ್ಚಬೇಡ, ಆವಿಗೆ ದಾರಿ ಇರಲಿ.

ಪ್ರಶ್ನೆ: ಜೋಳದ ನುಚ್ಚು ಬೇಯಲು ಬಹಳ ಗ್ಯಾಸ್ ಹೋಗುತ್ತದೆ. ಉಪಾಯ ಇದೆಯೇ?
— ಗೃಹಿಣಿ, ಮಾನ್ವಿ

ಉತ್ತರ: ಅಕ್ಕಾ, ಮೊದಲು ಮುಚ್ಚಳ ಹಾಕಿ. ಲೀಟರ್ ನೀರು ಕುದಿಯುವ ತನಕ 75 ಕಿಲೋ ಕ್ಯಾಲರಿ ಸಾಕು. ಅದೇ ನೀರು ಆವಿಯಾಗಿ ಹಾರಿಹೋಗಲು 540 ಬೇಕು. ಕುದಿ ಬಂದ ಮೇಲೆ ಉರಿ ಜೋರು ಮಾಡಿದರೆ ನುಚ್ಚು ಬೇಗ ಬೇಯುವುದಿಲ್ಲ, ಆವಿ ಹೆಚ್ಚುತ್ತದೆ ಅಷ್ಟೆ. ನುಚ್ಚು ನೆನೆಸಿಟ್ಟು, ಹತ್ತು ನಿಮಿಷ ಕುದಿಸಿ, ಮುಚ್ಚಿದ ಪಾತ್ರೆಯನ್ನು ಭತ್ತದ ಹೊಟ್ಟು ತುಂಬಿದ ಬುಟ್ಟಿಯ ನಡುವೆ ಇಟ್ಟು ಮೇಲೆ ಹಳೆಯ ಕೌದಿ ಹೊದಿಸಿ. ಒಂದು ತಾಸಿಗೆ ತೆಗೆದು ನೋಡಿ. ಗಟ್ಟಿ ಇದ್ದರೆ ಮತ್ತೊಂದು ಕುದಿ. ಬಿಸಿಯಿರುವಾಗಲೇ ಉಣ್ಣಿ, ರಾತ್ರಿಯಿಡೀ ಅಲ್ಲೇ ಬಿಡಬೇಡಿ.